ಬೆಂಗಳೂರಿಗೆ ಹೊರಡುವ ಮೊದಲು

ಸೋದರಿ,

ನಿಮ್ಮ ಹೆಸರು, ಊರು ಎರಡನ್ನೂ ಅಚ್ಚು ಹಾಕುತ್ತಿಲ್ಲ. ಉಳಿದ ಓದುಗರಿಗಾಗಿ ಪತ್ರದ ಸಾರವಷ್ಟೇ: ನಿಮ್ಮ ತಮ್ಮನಿಗೆ ಎರಡು ತಿಂಗಳಿಂದ ನಿದ್ದೆಯಿಲ್ಲ. ತೋಟದ ಕಡೆ ತಲೆ ಹಾಕುತ್ತಿಲ್ಲ. ಮೊನ್ನೆ ಊಟದ ತಟ್ಟೆ ಪಕ್ಕಕ್ಕೆ ಸರಿಸಿ, ‘ನಾನೊಬ್ಬ ಇಲ್ಲದಿದ್ದರೆ ನಿಮಗೆಲ್ಲ ಆರಾಮ’ ಅಂದಿದ್ದಾನೆ. ಅಮ್ಮ ದೃಷ್ಟಿ ತೆಗೆಸಿದ್ದಾರೆ. ಬೆಂಗಳೂರಿಗೆ ಕರೆದೊಯ್ಯಲು ಹಣ ಹೊಂದುವವರೆಗೆ ಏನು ಮಾಡುವುದು, ಊರಿಗೆಲ್ಲ ಗೊತ್ತಾದರೆ ಅವನ ಮದುವೆಯ ಗತಿಯೇನು ಎಂದು ಕೇಳಿದ್ದೀರಿ.

ಸಂಚಿಕೆ ಅಚ್ಚಾಗುವವರೆಗೆ ಕಾಯುವ ವಿಷಯವಲ್ಲವೆಂದು ಮೊದಲ ಮಾತನ್ನು ಫೋನಿನಲ್ಲೇ ತಿಳಿಸಿದ್ದೆವು. ಇಂಥದ್ದೇ ಆತಂಕದಲ್ಲಿರುವ ಇತರರಿಗಾಗಿ ಅದನ್ನೇ ಮತ್ತೆ ಹೇಳುತ್ತೇನೆ: 14416ಕ್ಕೆ ಕರೆ ಮಾಡಿ. ಇದು 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ‘ಟೆಲಿ ಮನಸ್’ ಸಹಾಯವಾಣಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಅವನೇ ಮಾತಾಡಬೇಕೆಂದಿಲ್ಲ, ಅಕ್ಕನಾಗಿ ನೀವು ಮಾಡಿದರೂ ಆಯಿತು. ಮೊದಲು ಕೌನ್ಸೆಲರ್ ಮಾತಾಡುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ದಾಟಿಸುತ್ತಾರೆ. ‘ನಮಗೆ ಹತ್ತಿರದಲ್ಲಿ ಯಾವ ಆಸ್ಪತ್ರೆಗೆ, ಯಾವ ದಿನ ಹೋಗಬೇಕು’ ಎಂದು ಅವರನ್ನೇ ಕೇಳಿ.

ಇನ್ನು, ಅವನಾಡಿದ ಆ ಮಾತು. ಅದನ್ನು ಕೇಳಿ ಮನೆಯವರೆಲ್ಲ ಸುಮ್ಮನಾದೆವು ಎಂದು ಬರೆದಿದ್ದೀರಿ. ಎಲ್ಲ ಮನೆಗಳಲ್ಲೂ ಆಗುವುದು ಇದೇ. ಕೆಣಕಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂಬ ಹೆದರಿಕೆ. ಹಾಗಾಗುವುದಿಲ್ಲ, ಮನೋವೈದ್ಯರು ಇದನ್ನು ಮತ್ತೆ ಮತ್ತೆ ಹೇಳುತ್ತಾರೆ. ಅವನೊಬ್ಬನೇ ಇದ್ದಾಗ ಪಕ್ಕದಲ್ಲಿ ಕೂತು, ‘ಸಾಯಬೇಕು ಅಂತ ಅನ್ನಿಸ್ತಿದೆಯೇನೋ?’ ಎಂದು ನೇರವಾಗಿ ಕೇಳಿ. ಕೇಳಿದ ಮೇಲೆ ಬುದ್ಧಿ ಹೇಳಬೇಡಿ, ‘ನಿನಗೇನು ಕಮ್ಮಿಯಾಗಿದೆ’ ಅನ್ನಬೇಡಿ. ಅವನು ಹೌದೆಂದರೆ, ಹೇಗೆ ಎಂದು ಯೋಚಿಸಿಟ್ಟಿದ್ದರೆ, ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ 112 ಅಥವಾ 108ಕ್ಕೆ ಕರೆ ಮಾಡಿ. ಅವನು ಏನೇ ಹೇಳಲಿ, ತೋಟದ ಕ್ರಿಮಿನಾಶಕ ಈ ಹೊತ್ತೇ ಮನೆಯಿಂದಾಚೆ, ಬೇರೆಯವರ ಬೀಗದೊಳಗೆ ಇರಲಿ. ಆ ತೀವ್ರ ಗಳಿಗೆ ಎಷ್ಟೋ ಸಲ ಬಂದಷ್ಟೇ ಬೇಗ ದಾಟಿ ಹೋಗುತ್ತದೆ. ಆಗ ಅದು ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

ಬೆಂಗಳೂರಿನ ಮಾತಿಗೆ ಬರೋಣ. ಮನಸ್ಸಿನ ಕಾಯಿಲೆಯೆಂದರೆ ನಿಮ್ಹಾನ್ಸ್ ಎಂದೇ ನಮ್ಮವರ ತಲೆಯಲ್ಲಿ ಕೂತಿದೆ. ಆದರೆ ಅದೇ ನಿಮ್ಹಾನ್ಸ್ 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಊರಿನ ಆರೋಗ್ಯ ಕೇಂದ್ರಗಳಲ್ಲೇ ಇಂಥ ಚಿಕಿತ್ಸೆ ಕೊಡಬಹುದೆಂದು ಮಾಡಿ ತೋರಿಸಿತು. ಆ ಮಾದರಿಯ ಮೇಲೆ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತು. ನಮ್ಮ ರಾಜ್ಯದಲ್ಲಿ ‘ಮನೋಚೈತನ್ಯ’ದ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೇ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡೂ ಇದೆ. ಎಲ್ಲ ಕಡೆ, ಎಲ್ಲ ವಾರ ತಪ್ಪದೆ ನಡೆಯುತ್ತದೆಂದು ನಾನು ಭರವಸೆ ಕೊಡಲಾರೆ, ಸರ್ಕಾರಿ ಕೆಲಸ ನಿಮಗೂ ಗೊತ್ತು. ಬಸ್ಸು ಹತ್ತುವ ಮೊದಲು ಆಸ್ಪತ್ರೆಗೆ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಅಲ್ಲಿಲ್ಲವಾದರೆ ಜಿಲ್ಲಾಸ್ಪತ್ರೆ. ಅಲ್ಲಿನವರು ಬರೆದುಕೊಟ್ಟರೆ ನಿಮ್ಹಾನ್ಸ್, ನಿಮ್ಮ ಕಡೆಯವರಿಗಾದರೆ ಧಾರವಾಡದ ಡಿಮ್ಹಾನ್ಸ್ ಇನ್ನೂ ಹತ್ತಿರ.

ಊರ ಬಾಯಿಗೆ ಬೀಗ ಹಾಕಲು ಯಾವ ಕಾನೂನಿಗೂ ಆಗದು. ಆಸ್ಪತ್ರೆಯವರ ಬಾಯಿಗೆ ಹಾಕಿದೆ: 2017ರ ಮಾನಸಿಕ ಆರೋಗ್ಯ ಕಾಯ್ದೆಯಂತೆ ರೋಗಿಯ ವಿವರ ಗುಟ್ಟಾಗಿರಬೇಕು. ಜೀವಕ್ಕೆ ಕೈ ಹಾಕಿಕೊಂಡವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಭಾವಿಸಿ ಆರೈಕೆ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ, ಹಾಗಾಗಿ ಪೊಲೀಸ್ ಕೇಸಿಗೆ ಹೆದರಿ ಆಸ್ಪತ್ರೆ ತಪ್ಪಿಸಬೇಡಿ. ಮದುವೆಯ ಮಾತು ಅವನು ನೆಟ್ಟಗೆ ನಿದ್ದೆ ಮಾಡುವಂತಾದ ಮೇಲೆ.

ಅಮ್ಮನ ಜೊತೆ ಜಗಳ ಬೇಡ. ದೃಷ್ಟಿ ತೆಗೆಯಲಿ, ಹರಕೆ ಹೊರಲಿ, ಆಸ್ಪತ್ರೆಗೂ ಜೊತೆಯಲ್ಲಿ ಬರಲಿ. ಖಿನ್ನತೆಯ ಮಾತ್ರೆ ಕೊಟ್ಟರೆ ಅದು ಹಿಡಿಯಲು ಎರಡರಿಂದ ನಾಲ್ಕು ವಾರ ಬೇಕೆಂಬುದನ್ನು ಅವರಿಗೂ ಮೊದಲೇ ಹೇಳಿಡಿ. ಮೊದಲ ವಾರ ಗುಣ ಕಾಣಲಿಲ್ಲವೆಂದು ಮಾತ್ರೆ ಬಿಡಿಸುವವರು ಸಾಮಾನ್ಯವಾಗಿ ಮನೆಯವರೇ.