ಹುಳುಮನೆಯ ಕಥೆ ಮತ್ತು ಆ ‘ನಿರಂತರವಾಗಿ’

ಶಿಡ್ಲಘಟ್ಟದ ಹುಳುಮನೆಯ (ರೇಷ್ಮೆ ಹುಳು ಸಾಕುವ ಮನೆಯ) ಬಗ್ಗೆ ನೀವು ಕಳಿಸಿದ ಕಥೆ ಓದಿದೆ. ಚೆನ್ನಾಗಿದೆ. ಸೊಪ್ಪಿನ ವಾಸನೆ, ಸುಣ್ಣದ ಪುಡಿ, ಅಮ್ಮ-ಮಗಳ ಜಗಳ ಎಲ್ಲ ಬಂದಿದೆ. ಆದರೆ ‘ನಿರಂತರವಾಗಿ’ ಅನ್ನೋದು ಪುಟಪುಟದಲ್ಲೂ ಕಾಲಿಗೆ ತೊಡರುತ್ತದೆ. ‘ಕಾನ್‌ಸ್ಟಂಟ್ಲಿ’ ಅಂತ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆದಿದ್ದೀರಿ, ಅಲ್ವಾ?

“ಅಮ್ಮ ನಿರಂತರವಾಗಿ ಗೊಣಗುತ್ತಿದ್ದಳು.” ಇಂಗ್ಲಿಷಿನಲ್ಲಿ ‘ಶಿ ವಾಸ್ ಕಾನ್‌ಸ್ಟಂಟ್ಲಿ ಗ್ರಂಬ್ಲಿಂಗ್’ ಅಂದರೆ ಅಲ್ಲಿ ಹೇಳುವವರ ಬೇಸರವೇ ಜಾಸ್ತಿ. ‘ಆಲ್ವೇಸ್’ ಹಾಕಿದರೂ ಅಷ್ಟೆ. ನಿಮ್ಮ ಸಾಲಿನಲ್ಲಿ ಆ ಬೇಸರ ಇಲ್ಲ, ಸರ್ಕಾರಿ ಪ್ರಕಟಣೆ ಓದಿದ ಹಾಗಿದೆ. “ಗೊಣಗುತ್ತಲೇ ಇದ್ದಳು” ಅನ್ನಿ. ಆ ಒಂದು ‘ಲೇ’ಯಲ್ಲಿ ಮಗಳ ಮುಖವೂ ಕಾಣುತ್ತದೆ.

“ಅಪ್ಪ ನಿರಂತರವಾಗಿ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತಿದ್ದ.” ಊಟ, ನಿದ್ದೆ ಬಿಟ್ಟಾ? ಬಿಟ್ಟು ಬಿಟ್ಟು ಆಗುವುದಕ್ಕೆ ‘ಕಂಟಿನ್ಯುಅಲಿ’, ಬಿಡುವೇ ಇಲ್ಲದ್ದಕ್ಕೆ ‘ಕಂಟಿನ್ಯುಅಸ್ಲಿ’ ಅಂತ ಇಂಗ್ಲಿಷ್ ವ್ಯಾಕರಣದವರು ಬೇರೆ ಮಾಡುತ್ತಾರೆ. ‘ಕಾನ್‌ಸ್ಟಂಟ್ಲಿ’ ಎರಡೂ ಕಡೆ ನಡೆಯುತ್ತದೆ. ‘ನಿರಂತರ’ ನಡೆಯಲ್ಲ, ನಡುವೆ ಅಂತರ ಇಲ್ಲ ಅಂತಲೇ ಅದರ ಅರ್ಥ. ‘ಬೆಳೆ ಬಂದಾಗಲೆಲ್ಲ ಹೋಗುತ್ತಿದ್ದ’ ಅಂದರೆ ಮುಗೀತು.

ನನಗೆ ನಿಜಕ್ಕೂ ಸಿಟ್ಟು ಬಂದಿದ್ದು ಇಲ್ಲಿ: “ಹುಳುಗಳು ನಿರಂತರವಾಗಿ ಸೊಪ್ಪು ತಿನ್ನುತ್ತಿದ್ದವು.” ರೇಷ್ಮೆ ಹುಳುವಿಗೆ 4 ಜ್ವರ. ಜ್ವರ ಅಂದರೆ ಕಾಯಿಲೆಯಲ್ಲ, ಚರ್ಮ ಕಳಚುವ ಹೊತ್ತು. ಜ್ವರಕ್ಕೆ ಕೂತರೆ ಸೊಪ್ಪು ಮುಟ್ಟಲ್ಲ. ತಲೆ ಎತ್ತಿಕೊಂಡು ಅಲುಗಾಡದೆ ಇರುತ್ತವೆ. ಹಳೇ ಚರ್ಮ ಕಳಚಿ ಎದ್ದ ಮೇಲೇ ಮೇವು. ನಾಲ್ಕನೇ ಜ್ವರ ಎದ್ದ ಮೇಲಿನ ಒಂದು ವಾರ ಮಾತ್ರ ಎಷ್ಟು ಹಾಕಿದರೂ ಸಾಲದು. ಅಮ್ಮ ಸುಣ್ಣದ ಪುಡಿ ಉದುರಿಸಿದಳು ಅಂತ ನೀವೇ ಬರೆದಿದ್ದೀರಿ. ಅದನ್ನು ಉದುರಿಸೋದು ಜ್ವರಕ್ಕೆ ಕೂತಾಗ, ಹುಳುಗಳ ಹಾಸಿಗೆ ಒಣಗಲಿ ಅಂತ. ಅದರ ಪಕ್ಕದ ಸಾಲಿನಲ್ಲೇ ಹುಳು ‘ನಿರಂತರವಾಗಿ’ ತಿನ್ನುತ್ತಿವೆ!

ನಾನು ತುಮಕೂರಿನ ಒಂದು ಪತ್ರಿಕೆಯಲ್ಲಿ ಕೆಲಸ ಕಲಿಯುವಾಗ ರಾತ್ರಿ ಪಾಳಿಯಲ್ಲಿ ಏಜೆನ್ಸಿಯ ಇಂಗ್ಲಿಷ್ ಸುದ್ದಿ ಕನ್ನಡಕ್ಕೆ ತರಬೇಕಿತ್ತು. ಯಾರ ಕಾಪಿಯಲ್ಲಿ ‘ಸತತ’, ‘ನಿರಂತರ’ ಕಂಡರೂ ಹಿರಿಯ ಉಪಸಂಪಾದಕರು ಟೀ ಲೋಟ ಕೆಳಗಿಟ್ಟು “ಎಷ್ಟು ಹೊತ್ತಿಂದ?” ಅನ್ನೋರು. ಮಳೆ ಅಂದರೆ ಗಂಟೆ ಹೇಳಬೇಕು, ಧರಣಿ ಅಂದರೆ ದಿನ. ಗೊತ್ತಿಲ್ಲದಿದ್ದರೆ ಫೋನ್ ಮಾಡಬೇಕು. ರಾತ್ರಿ ಹನ್ನೊಂದಕ್ಕೆ ಎಬ್ಬಿಸಿದರೆ ಯಾರು ಸುಮ್ನಿರ್ತಾರೆ? ಬೈಸಿಕೊಂಡೇ ಕೇಳುತ್ತಿದ್ದೆವು.

ನಿಮ್ಮ ಕಥೆಯಲ್ಲಿ ನಾಲ್ಕನೇ ಜ್ವರ ಎದ್ದ ರಾತ್ರಿ ಒಂದೇ ಸಾಲಿಗೆ ಮುಗಿದುಹೋಗಿದೆ. ಅದನ್ನು ಬಿಡಿಸಿ ಬರೀರಿ. ಅಮ್ಮ ಎಷ್ಟು ಹೊತ್ತಿಗೆ ಎದ್ದಳು, ಎಷ್ಟು ಸಲ ಸೊಪ್ಪು ಹಾಕಿದಳು, ಮಗಳು ಆಗ ಏನು ಮಾಡುತ್ತಿದ್ದಳು, ಎಲ್ಲ ಬೇಕು. ಯುಗಾದಿ ಸಂಚಿಕೆಗೆ ಇನ್ನೂ ಸಮಯ ಇದೆ.