‘ಭಾರಿ ಬಂದೈತ್ರಿ’ ಅಂದರೆ ಸಾಕಾ?

ಪ್ರಶ್ನೆ: ಸರ್, ನಾವು ಗದಗಿನ ಏಳೆಂಟು ಜನ ಹವ್ಯಾಸಕ್ಕೆ ಅಂತ ಹಕ್ಕಿ, ಪ್ರಾಣಿಗಳ ಫೋಟೊ ತೆಗೆಯುತ್ತೇವೆ. ಚಳಿಗಾಲದಲ್ಲಿ ಮಾಗಡಿ ಕೆರೆ, ಉಳಿದಂತೆ ಕಪ್ಪತಗುಡ್ಡ, ರಾಣೆಬೆನ್ನೂರು ಕಡೆ ಓಡಾಟ. ತಿಂಗಳಿಗೊಮ್ಮೆ ಒಬ್ಬರ ಮನೆಯಲ್ಲಿ ಸೇರಿ ಟಿವಿಯಲ್ಲಿ ಫೋಟೊ ನೋಡುತ್ತೇವೆ. ಎಲ್ಲರೂ ಎಲ್ಲದಕ್ಕೂ ‘ಭಾರಿ ಬಂದೈತ್ರಿ’ ಅನ್ನುವವರೇ. ಹೋದ ಸಲ ನಾನು ಒಬ್ಬ ಹುಡುಗನಿಗೆ ‘ಶಾರ್ಪ್ ಇಲ್ಲ, ಬ್ಯಾಕ್‌ಗ್ರೌಂಡ್ ಸರಿಯಿಲ್ಲ’ ಅಂದೆ. ಅವನು ಆಮೇಲೆ ಬಂದೇ ಇಲ್ಲ. ನಮ್ಮಲ್ಲಿ ಹಿರಿಯರೂ ಇದ್ದಾರೆ, ಅವರಿಗಂತೂ ಏನೂ ಹೇಳಲಾಗುವುದಿಲ್ಲ. ಹೇಗೆ ಹೇಳಬೇಕು?

ಉತ್ತರ: ನೀವು ಹೇಳಿದ್ದು ಸುಳ್ಳಲ್ಲದೇ ಇರಬಹುದು. ಆದರೆ ಆ ಹುಡುಗನಿಗೆ ಅದರಿಂದ ಏನೂ ಸಿಗಲಿಲ್ಲ, ತೊಂದರೆ ಅಲ್ಲಿದೆ. ‘ಶಾರ್ಪ್ ಇಲ್ಲ’ ಅನ್ನುವುದು ಜ್ವರ ಅಂದ ಹಾಗೆ. ಯಾವ ಜ್ವರ?

ಅವನು ತೋರಿಸಿದ್ದು ಮಾಗಡಿ ಕೆರೆಯಿಂದ ಏಳುತ್ತಿರುವ ಪಟ್ಟೆತಲೆ ಹೆಬ್ಬಾತು ಅಂತ ಇಟ್ಟುಕೊಳ್ಳಿ. ಚಿತ್ರ ದೊಡ್ಡದು ಮಾಡಿ ನೋಡಿ. ತಲೆ ಮೇಲಿನ ಎರಡು ಕಪ್ಪು ಪಟ್ಟೆ ಚೊಕ್ಕವಾಗಿ ಕಾಣುತ್ತಿವೆ, ರೆಕ್ಕೆಯ ತುದಿ ಮಾತ್ರ ಕಲಸಿದೆ ಅಂದರೆ ಷಟರ್ ಸ್ಪೀಡ್ (ಕ್ಯಾಮೆರಾ ಬೆಳಕಿಗೆ ತೆರೆದುಕೊಂಡು ಮುಚ್ಚುವ ವೇಗ) ಸಾಲಲಿಲ್ಲ, 1/500 ಸೆಕೆಂಡ್ ಇದ್ದರೆ 1/2000ಕ್ಕೆ ಏರಿಸಲಿ. ಇಡೀ ಹಕ್ಕಿ ಒಂದೇ ದಿಕ್ಕಿಗೆ ಎಳೆದ ಹಾಗೆ ಇದ್ದರೆ ಕ್ಯಾಮೆರಾ ಹಕ್ಕಿಯ ಜೊತೆ ಸರಿಯಾಗಿ ತಿರುಗಿಲ್ಲ, ಅದಕ್ಕೆ ಕೈ ಪಳಗಬೇಕು. ಹಕ್ಕಿ ಮಸುಕಾಗಿ ಹಿಂದಿನ ಜೇಕು ಹುಲ್ಲಿನ ಒಂದೊಂದು ಎಸಳೂ ಸ್ಪಷ್ಟವಾಗಿದ್ದರೆ ಫೋಕಸ್ ಹಿಂದಕ್ಕೆ ಹೋಗಿದೆ, ಆಗ ಸ್ಪೀಡ್ ಎಷ್ಟು ಏರಿಸಿದರೂ ಉಪಯೋಗವಿಲ್ಲ. ಮೂರೂ ‘ಶಾರ್ಪ್ ಇಲ್ಲ’ದ ಫೋಟೊಗಳೇ, ಮೂರಕ್ಕೂ ಮದ್ದು ಬೇರೆ. ಯಾವುದು ಅಂತ ಗುರುತಿಸಿ ಹೇಳುವ ತಾಳ್ಮೆ ನಿಮಗಿರಬೇಕು. ಅಷ್ಟು ಹೊತ್ತು ನೀವು ತನ್ನ ಫೋಟೊ ನೋಡಿದಿರಿ ಅನ್ನುವುದೇ ಅವನ ಅರ್ಧ ಬೇಜಾರು ಕಳೆಯುತ್ತದೆ.

ಬ್ಯಾಕ್‌ಗ್ರೌಂಡ್ ಮಾತೂ ಹೀಗೆಯೇ. ನಾನು ಹೊಸದರಲ್ಲಿ ಧಾರವಾಡದಲ್ಲಿ ಫೋಟೊ ತೋರಿಸಿದಾಗ ಒಬ್ಬರು ‘ಹಿನ್ನೆಲೆ ಕೆಟ್ಟಿದೆ’ ಅಂದು ಮುಂದಿನ ಫೋಟೊಗೆ ಹೋಗಿಬಿಟ್ಟರು. ಹಿನ್ನೆಲೆ ನಾನು ಹಾಕಿದ್ದಲ್ಲ, ಅಲ್ಲಿ ಇದ್ದದ್ದು, ನಾನೇನು ಮಾಡಲಿ ಅಂತ ಬಹಳ ದಿನ ಕೊರಗಿದೆ. ಇನ್ನೊಬ್ಬ ಹಿರಿಯರು ಒಂದು ಬೆಳಿಗ್ಗೆ ಕೆಲಗೇರಿ ಕೆರೆಯ ದಂಡೆಯಲ್ಲಿ ನನ್ನ ಭುಜ ಒತ್ತಿ ಕೂರಿಸಿ, ‘ಈಗ ನೋಡು’ ಅಂದರು. ನಿಂತಾಗ ಬೆಳ್ಳಕ್ಕಿಯ ಹಿಂದೆಯೇ ಕೆಸರು, ಕಸ ಕಾಣುತ್ತಿತ್ತು. ಕೂತಾಗ ಅದರ ಹಿಂದೆ ಬರೀ ದೂರದ ನೀರು. ಅವತ್ತಿನಿಂದ ನಾನು ಯಾರಿಗೂ ಹಿನ್ನೆಲೆ ಕೆಟ್ಟಿದೆ ಅನ್ನುವುದಿಲ್ಲ. ‘ಕುತ್ತಿಗೆ ಹಿಂದೆ ಆ ಕಡ್ಡಿ ಬಂದಿದೆ ನೋಡಿ, ನನ್ನ ಕಣ್ಣು ಮೊದಲು ಅಲ್ಲಿಗೇ ಹೋಯ್ತು, ಎರಡು ಹೆಜ್ಜೆ ಎಡಕ್ಕೆ ಸರಿಯಲು ಜಾಗ ಇತ್ತಾ?’ ಅಂತ ಕೇಳುತ್ತೇನೆ. ಇರಲಿಲ್ಲ ಅಂದರೆ ಮಾತು ಮುಗಿಯಿತು. ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಬಹುದಾದ ತಪ್ಪಿಗೆ, ಅಂದರೆ ಕ್ರಾಪು, ವಾಲಿದ ದಿಗಂತ ಇಂಥವಕ್ಕೆ, ಜಾಸ್ತಿ ಹೊತ್ತು ಹಾಕಬೇಡಿ. ಬೆಳಗಿನ ಮಬ್ಬಿನಲ್ಲಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿ ಚಿತ್ರದಲ್ಲಿ ಸ್ವಲ್ಪ ನಾಯ್ಸ್ (ಕಾಳುಕಾಳು) ಬಂದಿದ್ದರೆ ಅದನ್ನು ತಪ್ಪು ಅನ್ನಲೇಬೇಡಿ, ಏರಿಸದಿದ್ದರೆ ಫೋಟೊನೇ ಇರುತ್ತಿರಲಿಲ್ಲ.

ಒಂದು ಫೋಟೊಗೆ ಒಂದೇ ಮಾತು ಸಾಕು. ಹತ್ತು ತಪ್ಪು ಹೇಳಿದರೆ ಹತ್ತೂ ಮರೆತುಹೋಗುತ್ತವೆ.

ಹಿರಿಯರ ವಿಷಯಕ್ಕೆ ಬರೋಣ. ಅಲ್ಲಿ ಮಾತು ಶುರುಮಾಡುವ ಮೊದಲು ಕೇಳಿ: ‘ಕಾಕಾ, ಇದರಾಗ ನಿಮಗ ಏನ್ ತೋರಸ್ಬೇಕಿತ್ರಿ?’ ರಾಣೆಬೆನ್ನೂರಿನ ಕೃಷ್ಣಮೃಗದ ಗಂಡು ಚಿತ್ರದಲ್ಲಿ ಚಿಕ್ಕದಾಗಿದೆ ಅಂತ ನಿಮಗೆ ಅನಿಸಬಹುದು. ಅವರಿಗೆ ಆ ಬಯಲು, ಅದರಲ್ಲಿ ಒಂಟಿಯಾಗಿ ನಿಂತ ಪ್ರಾಣಿ ಬೇಕಾಗಿರಬಹುದು. ಹಾಗಿದ್ದರೆ ಹತ್ತಿರ ಹೋಗಬೇಕಿತ್ತು ಅನ್ನುವ ಸಲಹೆಯೇ ತಪ್ಪು. ಬದಲಿಗೆ ಬಿಸಿಲಲ್ಲಿ ಹೊಟ್ಟೆಯ ಬಿಳಿ ಸುಟ್ಟುಹೋಗಿದ್ದರೆ, ಅಂದರೆ ಬೆಳಕು ಹೆಚ್ಚಾಗಿ ಅಲ್ಲಿ ಏನೂ ಕಾಣದಂತಾಗಿದ್ದರೆ, ಅದನ್ನು ಹೇಳಿ. ಮೈಯ ಕಪ್ಪನ್ನು ಅಳೆದ ಕ್ಯಾಮೆರಾ ಬೆಳಕು ಏರಿಸಿಬಿಡುತ್ತದೆ, ಎಕ್ಸ್‌ಪೋಷರ್ (ಚಿತ್ರಕ್ಕೆ ಬೀಳುವ ಬೆಳಕು) ಸ್ವಲ್ಪ ಮೈನಸ್ ಮಾಡಿದರೆ ಸರಿಹೋಗುತ್ತದೆ. ಇದಕ್ಕೆ ಯಾವ ಹಿರಿಯರೂ ಸಿಟ್ಟಾಗುವುದಿಲ್ಲ.

ಹೊಗಳುವಾಗಲೂ ಕಾರಣ ಕೊಡಿ. ‘ಭಾರಿ’ ಅನ್ನುವ ಬದಲು, ‘ಬೆಳಕು ಪಕ್ಕದಿಂದ ಬಂದಿದ್ದಕ್ಕೆ ಒಂದೊಂದು ಗರಿಯೂ ಬೇರೆಯಾಗಿ ಕಾಣ್ತಿದೆ’ ಅಂದರೆ ಮುಂದಿನ ಸಲ ಅವರು ಆ ಬೆಳಕಿಗೇ ಕಾಯುತ್ತಾರೆ.

ಒಂದು ಕಡೆ ಮಾತ್ರ ಮೆತ್ತಗಾಗಬೇಡಿ. ಗೂಡಿನ ಕೊಂಬೆ ಬಗ್ಗಿಸಿ ಮರಿಗಳ ಫೋಟೊ ತೆಗೆದಿದ್ದರೆ, ಇಲ್ಲವೇ ಹಾರುವ ಚಿತ್ರ ಸಿಗಲಿ ಅಂತ ಕೆರೆಯ ಹಿಂಡನ್ನು ಎಬ್ಬಿಸಿದ್ದರೆ, ಶಾರ್ಪು, ಬೆಳಕು ಯಾವುದನ್ನೂ ಮಾತಾಡಬೇಡಿ. ಆ ಹೆಬ್ಬಾತುಗಳು ಹಿಮಾಲಯ ದಾಟಿ ಬಂದವು. ರಾತ್ರಿ ಹೊಲಗಳಲ್ಲಿ ಮೇಯ್ದು ಹಗಲು ಕೆರೆಯಲ್ಲಿ ದಣಿವಾರಿಸಿಕೊಳ್ಳುತ್ತವೆ, ಆ ವಿಶ್ರಾಂತಿಯನ್ನೇ ನಾವು ಕಸಿದುಕೊಂಡ ಹಾಗಾಗುತ್ತದೆ. ಎಲ್ಲರೆದುರು ಬೇಡ, ಪಕ್ಕಕ್ಕೆ ಕರೆದು ನೇರವಾಗಿ ಹೇಳಿ.

ಆ ಹುಡುಗನಿಗೆ ನೀವೇ ಫೋನ್ ಮಾಡಿ. ಅವತ್ತು ಅವಸರದಲ್ಲಿ ಅಂದೆ, ಫೋಟೊದ ಒರಿಜಿನಲ್ ಫೈಲ್ ತಗೊಂಡು ಬಾ, ಫೋಕಸ್ ಎಲ್ಲಿ ಬಿದ್ದಿತ್ತು ಇಬ್ಬರೂ ಕೂತು ನೋಡೋಣ ಅನ್ನಿ. ನಿಮ್ಮದೂ ಒಂದು ಕೆಟ್ಟುಹೋದ ಫೋಟೊ ಜೊತೆಗಿಟ್ಟುಕೊಳ್ಳಿ, ಅದರಲ್ಲಿ ಏನು ತಪ್ಪಿದೆ ಅಂತ ಅವನೇ ಮೊದಲು ಹೇಳಲಿ.