ಹಳೆಯ ಜಿಟಿಒ ಕೊಳ್ಳುವ ಮುನ್ನ

ಪ್ರಶ್ನೆ: ಮಾನ್ಯರೇ, ನಾನು ಅಮೆರಿಕದ ಓಹಾಯೋ ರಾಜ್ಯದಲ್ಲಿ ನೆಲೆಸಿದ್ದೇನೆ. ಪಕ್ಕದ ಊರಿನ ಶೆಡ್ಡೊಂದರಲ್ಲಿ ಬಹಳ ವರ್ಷಗಳಿಂದ ನಿಂತಿರುವ 1968ರ ಪಾಂಟಿಯಾಕ್ ಜಿಟಿಒ ಕಾರು ಮಾರಾಟಕ್ಕಿದೆ. ಚಾವಣಿಗೆ ಕಪ್ಪು ವಿನೈಲ್ ಹೊದಿಕೆಯಿದೆ, ಹೊರಗಿನ ಬಣ್ಣ ತಕ್ಕಮಟ್ಟಿಗೆ ಚೆನ್ನಾಗಿದೆ, ಆದರೆ ಎಂಜಿನ್ ತಿರುಗುತ್ತಿಲ್ಲ. ಮಾಲೀಕರು 14 ಸಾವಿರ ಡಾಲರ್ ಹೇಳುತ್ತಿದ್ದಾರೆ. ಎಂಜಿನ್ ಸರಿಹೋಗುವುದಾದರೆ ಕೊಂಡು ಪೂರ್ತಿ ಹೊಸದಾಗಿಸುವ ಆಸೆ. ಏನೇನು ಪರೀಕ್ಷಿಸಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಚಿಂತೆಯೆಲ್ಲ ಎಂಜಿನ್ ಮೇಲಿದೆ. ನಾನಾದರೆ ಅದನ್ನು ಕೊನೆಗೆ ನೋಡುತ್ತೇನೆ. ಎಂಜಿನ್ ಬಿಚ್ಚಿ ಕಟ್ಟುವ ಕೆಲಸಕ್ಕೆ ಎಷ್ಟು ಖರ್ಚಾಗುತ್ತದೆಂದು ಮೊದಲೇ ಅಂದಾಜಿಸಬಹುದು; ತುಕ್ಕು ಹಿಡಿದ ಬಾಡಿಯ ಲೆಕ್ಕ ಮಾತ್ರ ತಗಡು ಕತ್ತರಿಸಿದ ಮೇಲೆಯೇ ತಿಳಿಯುವುದು, ಮತ್ತು ಆಗ ಹಿಂದೆ ಸರಿಯಲು ದಾರಿ ಇರುವುದಿಲ್ಲ.

ಎಲ್ಲಕ್ಕಿಂತ ಮೊದಲು, ಅದು ನಿಜಕ್ಕೂ ಜಿಟಿಒ ಹೌದೇ ಎಂದು ಖಚಿತಪಡಿಸಿಕೊಳ್ಳಿ. 1964ರಲ್ಲಿ ಪಾಂಟಿಯಾಕ್‌ನದೇ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ ಹೆಚ್ಚುವರಿ ಆಯ್ಕೆಯಾಗಿ ಹುಟ್ಟಿದ ಜಿಟಿಒ, 1966ರಲ್ಲಿ ಸ್ವತಂತ್ರ ಮಾದರಿಯಾಯಿತು. ಹೀಗಾಗಿ 1968ರ ಅಸಲಿ ಜಿಟಿಒದ ಗುರುತಿನ ಸಂಖ್ಯೆ 242ರಿಂದಲೇ ಆರಂಭವಾಗಬೇಕು. ಮುಂಗಾಜಿನ ಮೂಲಕ, ಚಾಲಕನ ಕಡೆ ಡ್ಯಾಶ್‌ಬೋರ್ಡಿನ ಮೇಲೆ ಅದು ಕಾಣುತ್ತದೆ. 237 ಎಂದಿದ್ದರೆ ನಿಮ್ಮ ಮುಂದಿರುವುದು ಜಿಟಿಒ ಬಿಲ್ಲೆಗಳನ್ನು ಅಂಟಿಸಿಕೊಂಡ ಲೆಮಾನ್ಸ್. ಅದೂ ಒಳ್ಳೆಯ ಕಾರೇ, ಆದರೆ ಅದಕ್ಕೆ ಜಿಟಿಒ ಬೆಲೆ ತೆರಬೇಕಿಲ್ಲ. ಪಾಂಟಿಯಾಕ್ ವಿಷಯದಲ್ಲಿ ಕೊಳ್ಳುವವರಿಗೆ ಒಂದು ಅನುಕೂಲವೂ ಇದೆ: ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಸಂಸ್ಥೆಯವರಿಗೆ ಆ ಸಂಖ್ಯೆ ಕೊಟ್ಟು ಶುಲ್ಕ ಕಟ್ಟಿದರೆ, ಕಾರ್ಖಾನೆಯ ಬಿಲ್ಲಿನ ದಾಖಲೆಯ ಪ್ರತಿ ಸಿಗುತ್ತದೆ, ಕಾರು ಯಾವ ಎಂಜಿನ್, ಯಾವ ಗೇರ್‌ಬಾಕ್ಸ್, ಯಾವ ಬಣ್ಣದೊಂದಿಗೆ ಹೊರಬಂದಿತ್ತು ಎಂಬುದು ಅದರಲ್ಲಿರುತ್ತದೆ. ಮುಂಗಡ ಕೊಡುವ ಮುನ್ನವೇ ಅದನ್ನು ತರಿಸಿಕೊಳ್ಳಿ. ಟೈಟಲ್ ಪತ್ರದಲ್ಲಿ (ಕಾರಿನ ಮಾಲೀಕತ್ವದ ಪತ್ರ) ಮಾರುವವರ ಹೆಸರೇ ಇದೆಯೇ, ಅದರಲ್ಲಿನ ಸಂಖ್ಯೆಯೂ ಡ್ಯಾಶ್‌ಬೋರ್ಡಿನದೂ ಒಂದೇ ಆಗಿವೆಯೇ ಎಂದು ಅಂಕಿ ಅಂಕಿಯಾಗಿ ಹೋಲಿಸಿ.

ಇನ್ನು ತುಕ್ಕು. ಓಹಾಯೋದಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಸುರಿಯುತ್ತಾರೆ, ನಿಮ್ಮ ಕಾರಿಗೆ ವಿನೈಲ್ ಚಾವಣಿಯೂ ಇದೆ. ಈ ಎರಡೂ ಕೂಡಿದ ಕಾರನ್ನು ಹೊರಗಿನ ಬಣ್ಣ ನೋಡಿ ನಂಬಬಾರದು. ವಿನೈಲ್ ಅಡಿಯಲ್ಲಿ ನಿಂತ ನೀರು ಹಿಂಗಾಜಿನ ಸುತ್ತಲಿನ ಕಾಲುವೆಯಂಥ ಅಂಚಿಗೆ ಇಳಿದು, ಅಲ್ಲಿನ ಹೊಳೆಯುವ ಪಟ್ಟಿಯನ್ನು ಹಿಡಿದಿರುವ ಸಣ್ಣ ಮೊಳೆಗಳ ಬುಡದಿಂದ ತಗಡನ್ನು ತಿನ್ನುತ್ತಾ ಹೋಗುತ್ತದೆ; ಹೊರಗೆ ಪಟ್ಟಿ ಮುಚ್ಚಿಕೊಂಡಿರುವುದರಿಂದ ಏನೂ ಕಾಣುವುದಿಲ್ಲ. ಡಿಕ್ಕಿ ತೆಗೆದು, ಟಾರ್ಚ್ ಹಿಡಿದು ಒಳಗೆ ಮಲಗಿ, ಹಿಂಗಾಜಿನ ಕೆಳಭಾಗವನ್ನು ಅಡಿಯಿಂದ ನೋಡಿ. ಅಲ್ಲಿ ಕಂದು ಬಣ್ಣದ ನೀರಿನ ಗೆರೆಗಳು ಇಳಿದಿದ್ದರೆ, ಅವೇ ಗೆರೆಗಳನ್ನು ಹಿಂಬಾಲಿಸಿ ಡಿಕ್ಕಿಯ ನೆಲಕ್ಕೆ ಬನ್ನಿ. ಚಾಪೆ ಎತ್ತಿದರೆ ತೂತುಗಳು ಸಿಗುವ ಸಂಭವವೇ ಹೆಚ್ಚು. ಇಂಥದೇ ಒಂದು ಕಾರಿನಲ್ಲಿ, ಹೊರಗೆ ಬೆರಳು ಜಾರುವಷ್ಟು ನುಣುಪಾಗಿದ್ದ ಹಿಂಬದಿಯ ತಗಡಿಗೆ ನಾನು ಬಟ್ಟೆ ಸುತ್ತಿದ ಆಯಸ್ಕಾಂತ ಇಟ್ಟೆ. ಚಕ್ರದ ಕಮಾನಿನ ಮೇಲೆ ಕಚ್ಚಿಕೊಂಡದ್ದು, ನಾಲ್ಕು ಬೆರಳು ಕೆಳಗೆ ಸರಿಸಿದೊಡನೆ ಕೈಗೇ ಬಿತ್ತು. ಅಲ್ಲಿ ತಗಡೇ ಇರಲಿಲ್ಲ, ಬರೀ ಪುಟ್ಟಿ.

ಈ ಕಾರಿಗೆ ಬಾಡಿ ಬೇರೆ, ಅದನ್ನು ಹೊತ್ತಿರುವ ಉಕ್ಕಿನ ಚೌಕಟ್ಟಾದ ಚಾಸಿ ಬೇರೆ. ಬಾಡಿಯನ್ನು ಚಾಸಿಗೆ ಕೂರಿಸಿರುವ ಬೋಲ್ಟುಗಳ ಸುತ್ತಲಿನ ತಗಡನ್ನೂ, ಹಿಂಚಕ್ರಗಳ ಆಸುಪಾಸಿನ ಚಾಸಿಯ ತೊಲೆಗಳನ್ನೂ ಸುತ್ತಿಗೆಯಿಂದ ತಟ್ಟಿ ನೋಡಿ. ಗಟ್ಟಿ ಉಕ್ಕು ಖಣಖಣ ಎನ್ನುತ್ತದೆ, ಒಳಗಿನಿಂದ ಕೊಳೆತದ್ದು ಡಬ್ಬ್ ಎಂದು ಸುಮ್ಮನಾಗುತ್ತದೆ. ನೆಲದ ತಗಡು, ಡಿಕ್ಕಿಯ ನೆಲ, ಹಿಂಬದಿಯ ಪಕ್ಕದ ತಗಡುಗಳೆಲ್ಲ ಈ ಮಾದರಿಗೆ ಹೊಸದಾಗಿಯೇ ಸಿಗುತ್ತವೆ ನಿಜ, ಆದರೆ ಅವನ್ನು ಅಳತೆ ತಪ್ಪದಂತೆ ವೆಲ್ಡ್ ಮಾಡುವ ಕೂಲಿಯೇ ಹಣ ನುಂಗುವುದು. ಮುಂಭಾಗದ ಬಂಪರನ್ನೂ ಗಮನಿಸಿ. 1968ರಲ್ಲಿ ಕ್ರೋಮಿನ ಬದಲು ಬಾಡಿಯ ಬಣ್ಣದ್ದೇ ಆದ, ಮೆತ್ತನೆಯ ಎಂಡ್ಯೂರಾ ಹೊದಿಕೆಯ ಬಂಪರ್ ಬಂತು. ಆ ಕಾರಿನ ಮುಖವೇ ಅದು. ಅದು ಬಿರುಕು ಬಿಟ್ಟಿದ್ದರೆ ಅಥವಾ ಇಲ್ಲವೇ ಇಲ್ಲದಿದ್ದರೆ ಬೆಲೆಯಲ್ಲಿ ಇಳಿಸಿ ಕೇಳಿ.

ಎಂಜಿನ್‌ಗೆ ಬರೋಣ. ಆ ಕಾಲದ ಪಾಂಟಿಯಾಕ್ ವಿ8 ಎಂಜಿನ್‌ಗಳು, 350 ಘನ ಅಂಗುಲದ್ದಿರಲಿ, 400ರದ್ದಿರಲಿ, ಹೊರನೋಟಕ್ಕೆ ಒಂದೇ. ಆದ್ದರಿಂದ ಬ್ಲಾಕಿನ ಮುಂಭಾಗದಲ್ಲಿ, ಬಲಮಗ್ಗುಲಿನ ಸಿಲಿಂಡರ್ ಹೆಡ್ಡಿನ ಕೆಳಗೆ ಒತ್ತಿರುವ ಎರಡಕ್ಷರಗಳನ್ನು ಗ್ರೀಸ್ ಒರೆಸಿ ಓದಿ. ಡಬ್ಲ್ಯೂಟಿ ಎಂದಿದ್ದರೆ ಮ್ಯಾನುಯಲ್ ಗೇರಿನ, 350 ಅಶ್ವಶಕ್ತಿಯ 400 ಘನ ಅಂಗುಲದ ಎಂಜಿನ್, ವೈಎಸ್ ಎಂದಿದ್ದರೆ ಅಷ್ಟೇ ಶಕ್ತಿಯ ಆಟೊಮ್ಯಾಟಿಕ್. ಅದನ್ನು ಕಾರ್ಖಾನೆಯ ದಾಖಲೆಯೊಂದಿಗೆ ಹೋಲಿಸಿ. ಬಳಿಕ ಬ್ಲಾಕಿನ ಎರಡೂ ಪಕ್ಕಗಳಲ್ಲಿ ಬಿರುಕು ಹುಡುಕಿ. ಆಂಟಿಫ್ರೀಜ್ ಇಲ್ಲದ ಬರೀ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿದರೆ ಎರಕದ ಬ್ಲಾಕ್ ಸೀಳುತ್ತದೆ. ಬಿರುಕಿಲ್ಲದಿದ್ದರೆ, ಪಿಸ್ಟನ್ ಹಿಡಿದುಕೊಂಡಿರುವುದು ದೊಡ್ಡ ದೋಷವೇನಲ್ಲ, ಬೋರ್ ಮಾಡಿಸಿ, ಅಂದರೆ ಸಿಲಿಂಡರನ್ನು ಒಳಗಿನಿಂದ ಕೊರೆಸಿ, ಸರಿಪಡಿಸಬಹುದು.

ಒಂದು ಕಳಕಳಿಯ ಮಾತು: ಮಾಲೀಕರು ಹೇಗೋ ಬಿಡಿಸಿ ಸ್ಟಾರ್ಟ್ ಮಾಡಿ ತೋರಿಸುತ್ತೇನೆಂದರೆ ದಯವಿಟ್ಟು ಬೇಡವೆನ್ನಿ. ಈ ಎಂಜಿನ್‌ಗಳ ಕ್ಯಾಮ್ ಗೇರಿಗೆ (ವಾಲ್ವುಗಳನ್ನು ತೆರೆಯುವ ದಂಡವನ್ನು ತಿರುಗಿಸುವ ಗೇರು) ನೈಲಾನ್ ಹಲ್ಲುಗಳಿದ್ದವು. ಅವು ವಯಸ್ಸಾಗಿ ಪುಡಿಯಾಗಿ ಉದುರಿ ಆಯಿಲ್ ಪಂಪಿನ ಜಾಲರಿಯನ್ನು ಕಟ್ಟುತ್ತವೆ. ಆಯಿಲ್ ಏರದೆ ಓಡಿದ ಎಂಜಿನ್ ಕೆಲವೇ ನಿಮಿಷಗಳಲ್ಲಿ ಬೇರಿಂಗ್ ಸುಟ್ಟುಕೊಳ್ಳುತ್ತದೆ.

ಸಂಖ್ಯೆ 242 ಆಗಿದ್ದು, ಹಿಂಗಾಜಿನ ಅಂಚು ಮತ್ತು ಚಾಸಿ ಗಟ್ಟಿಯಾಗಿದ್ದರೆ, ನಿಂತ ಎಂಜಿನ್ನನ್ನೇ ಮುಂದಿಟ್ಟು ಚೌಕಾಸಿ ಮಾಡಿ ಕೊಳ್ಳಿ. ಚಾಸಿ ಕೊಳೆತಿದ್ದರೆ, ಆ ಬೆಲೆಗೆ ಖಂಡಿತ ಬೇಡ. ಉಪ್ಪು ಕಾಣದ ಒಣ ರಾಜ್ಯಗಳಿಂದ, ಅರಿಜೋನಾದಂಥ ಕಡೆಯಿಂದ ಬಂದ ಕಾರಿಗೆ ಹೆಚ್ಚು ಕೊಟ್ಟರೂ ಒಟ್ಟು ಲೆಕ್ಕದಲ್ಲಿ ಅಗ್ಗವಾಗುತ್ತದೆ.

ಪ್ರಶ್ನೆ: ಅದೇ ಕಾಲದ ಜಿಟಿಒ ಎಂಜಿನ್ ಬಿಚ್ಚಿಸಿದ್ದೇನೆ. ಇಂದಿನ ಪೆಟ್ರೋಲಿಗೆ ಏನಾದರೂ ಬದಲಿಸಬೇಕೇ?

ಉತ್ತರ: ಬೇಕು. ಆ ಎಂಜಿನ್ನಿನ ಕಂಪ್ರೆಷನ್ (ಸಿಲಿಂಡರಿನಲ್ಲಿ ಮಿಶ್ರಣ ಅದುಮುವ ಪ್ರಮಾಣ) 10.75ಕ್ಕೆ 1, ಅದನ್ನು ರೂಪಿಸಿದ್ದು ಸೀಸ ಬೆರೆತ, ಹೆಚ್ಚಿನ ಆಕ್ಟೇನಿನ, ಅಂದರೆ ಒತ್ತಡದಲ್ಲಿ ತಾನಾಗಿ ಹೊತ್ತಿಕೊಳ್ಳದ, ಪೆಟ್ರೋಲಿಗೆ. ಅಮೆರಿಕದಲ್ಲಿ 1996ರಿಂದ ರಸ್ತೆ ವಾಹನಗಳಿಗೆ ಸೀಸದ ಪೆಟ್ರೋಲ್ ಇಲ್ಲ. ಈಗ ಬಂಕಿನಲ್ಲಿ ಸಿಗುವ 91 ಅಥವಾ 93 ಆಕ್ಟೇನಿನಲ್ಲಿ ಭಾರ ಬಿದ್ದಾಗ ಎಂಜಿನ್ ಕುಟ್ಟುತ್ತದೆ. ಎಂಜಿನ್ ಬಿಚ್ಚಿರುವಾಗಲೇ, ತಲೆಯಲ್ಲಿ ತಗ್ಗಿರುವ ಪಿಸ್ಟನ್ ಹಾಕಿಸಿ ಕಂಪ್ರೆಷನ್ ಇಳಿಸಿ, ಸೀಸವಿಲ್ಲದ ಪೆಟ್ರೋಲಿನಲ್ಲಿ ಸವೆಯದಂತೆ ಎಗ್ಸಾಸ್ಟ್ ವಾಲ್ವುಗಳಿಗೆ ಗಡಸು ಸೀಟು ಕೂರಿಸಿ. ಮೂಲ ಹೆಡ್ಡುಗಳನ್ನು ಮಾತ್ರ ಮಾರಬೇಡಿ. 1968ರ 350 ಅಶ್ವಶಕ್ತಿಯ ಕಾರಿನವಾದರೆ ಅವುಗಳ ಮೇಲೆ 16 ಎಂಬ ಎರಕದ ಸಂಖ್ಯೆ ಇರುತ್ತದೆ.